ದರದ ಜಾಗ ಖಾಲಿ ಬಿಟ್ಟು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ, ಹಾಕಬೇಕಾ?

ಹೊಳಲ್ಕೆರೆ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಳಲ್ಕೆರೆ ತಾಲೂಕಿನ ಒಂದು ಹಳ್ಳಿ. 4 ಎಕರೆ 12 ಗುಂಟೆ ಅಡಿಕೆ ತೋಟ ಇದೆ. ಅದರಲ್ಲಿ 1 ಎಕರೆ 6 ಗುಂಟೆ ಭದ್ರಾ ಮೇಲ್ದಂಡೆ ಕಾಲುವೆಗೆ ಹೋಗುತ್ತದೆ ಅಂತ ನೋಟಿಸ್ ಬಂದಿದೆ. ಕಾಲುವೆ ಅಂಚಿನಲ್ಲಿ ಹೋಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ತೋಟವನ್ನು ಸೀಳಿಕೊಂಡು ಹೋಗುತ್ತದೆ. ಆಚೆ ಕಡೆ 14 ಗುಂಟೆ ಚೂರು ಉಳಿಯುತ್ತದೆ, ಬೋರ್‌ವೆಲ್ ಇರೋದು ಆ ಚೂರಿನಲ್ಲೇ. ಈಚೆ ಕಡೆ 2 ಎಕರೆ 32 ಗುಂಟೆ ಉಳಿಯುತ್ತದೆ, ಅದಕ್ಕೆ ನೀರಿಲ್ಲ.

ಕಳೆದ ವಾರ ಇಬ್ಬರು ಸಿಬ್ಬಂದಿ ಮನೆಗೆ ಬಂದಿದ್ದರು. ಒಪ್ಪಿಗೆ ಪತ್ರ ತಂದಿದ್ದರು. ಸರ್ವೆ ನಂಬರ್ ಬರೆದಿತ್ತು, ಎಕರೆಗೆ ಎಷ್ಟು ಅನ್ನೋ ಜಾಗ ಖಾಲಿ. "ದರ ಆಮೇಲೆ ತುಂಬುತ್ತೇವೆ, ಊರಲ್ಲಿ ಎಲ್ಲರೂ ಹಾಕಿದ್ದಾರೆ" ಅಂದರಂತೆ. ಅಪ್ಪ ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದರು. ಅಮ್ಮ ಒಳಗಿನಿಂದ ಬಂದು "ಹುಡುಗ ಬರಲಿ, ಅವನು ಓದಲಿ" ಅಂತ ಪತ್ರ ತೆಗೆದು ದೇವರ ಗೂಡಲ್ಲಿ ಇಟ್ಟಿದ್ದಾಳೆ. ನಾನು ದಾವಣಗೆರೆಯಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಹೋಗಿ ನೋಡಿದೆ.

ಇನ್ನೊಂದು ತೊಡಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು 15 ವರ್ಷ ಆಯಿತು. ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು ಇದ್ದಾರೆ. ಸಹಿ ಹಾಕದಿದ್ದರೆ ದುಡ್ಡೇ ಬರಲ್ಲ ಅಂತ ಊರಲ್ಲಿ ಹೇಳುತ್ತಿದ್ದಾರೆ. ನಿಜಾನಾ? ತಿಳಿದವರು ಹೇಳಿ.

ಕೋಟೆ ಕಾವಲು
ಖಾಲಿ ಪತ್ರಕ್ಕೆ ಸಹಿ ಬೇಡವೇ ಬೇಡ. ನಿಮ್ಮ ಅಮ್ಮನಿಗೆ ಕೈ ಮುಗಿಯುತ್ತೇನೆ.

ಕಚೇರಿ ಅಲೆದವನು
ಮೊದಲು ನೋಟಿಸ್ ತೆಗೆದು ಯಾವ ಕಾಯ್ದೆ, ಯಾವ ಸೆಕ್ಷನ್ ಅಂತ ನೋಡಿ ತಮ್ಮಾ. ಎಲ್ಲಾ ಅಲ್ಲೇ ಇರೋದು. 2013ರ ಭೂಸ್ವಾಧೀನ ಕಾಯ್ದೆಯ ಸೆಕ್ಷನ್ 11 ಅಂತ ಇದ್ದರೆ ಅದು ಪ್ರಾಥಮಿಕ ಅಧಿಸೂಚನೆ. ಅದರಿಂದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬಹುದು. ಸೆಕ್ಷನ್ 19 ಅಂತ ಇದ್ದರೆ ಅದು ಅಂತಿಮ ಘೋಷಣೆ, ಆಕ್ಷೇಪಣೆಯ ಹಂತ ದಾಟಿದೆ. ಸೆಕ್ಷನ್ 21 ಆದರೆ ನಿಮ್ಮ ಹಕ್ಕು ಏನು, ಎಷ್ಟು ಪರಿಹಾರ ಬೇಕು ಅಂತ ಬರೆದು ಕೊಡೋ ಹಂತ.

ಸಹಿ ಹಾಕದಿದ್ದರೆ ದುಡ್ಡು ಬರಲ್ಲ ಅನ್ನೋದು ಸುಳ್ಳು. ಒಪ್ಪದವರಿಗೂ ಐತೀರ್ಪು ಮಾಡಲೇಬೇಕು. ಅಧಿಕಾರಿ ಲೆಕ್ಕ ಹಾಕಿ ಆದೇಶ ಹೊರಡಿಸುತ್ತಾರೆ, ಆ ದುಡ್ಡು ನಿಮ್ಮದೇ.

ಹೊಳಲ್ಕೆರೆ ಹುಡುಗ
ಸೆಕ್ಷನ್ 11(1) ಅಂತ ಇದೆ ಅಣ್ಣ. ಗೆಜೆಟ್ ಆಗಿ 23 ದಿನ ಆಗಿದೆ.

ಕಚೇರಿ ಅಲೆದವನು
ಹಾಗಿದ್ದರೆ 37 ದಿನ ಕೈಯಲ್ಲಿದೆ. ಒಂದು ದಿನವೂ ಸುಮ್ನೆ ಕಳೆಯಬೇಡಿ. ಆಕ್ಷೇಪಣೆ ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕಲ್ಲ ಅಂದರೆ ಅಲ್ಲೇ ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ನಮ್ಮ ಅಣ್ಣ ಬಾಯಿಮಾತಲ್ಲಿ ಹೇಳಿ ಬಂದ. ಕೊನೆಗೆ ಕಡತದಲ್ಲಿ "ಆಕ್ಷೇಪಣೆ ಬಂದಿಲ್ಲ" ಅಂತ ಒಂದು ಸಾಲು ಬರೆದಿದ್ದರು, ಅಷ್ಟೇ.

ಬೈಪಾಸ್ ಪಕ್ಕದವ
60 ದಿನ ಅನ್ನೋದು ಎಲ್ಲರಿಗೂ ಅಲ್ಲ, ದಯವಿಟ್ಟು ಗಮನಿಸಿ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋದರೆ 1956ರ ಹೆದ್ದಾರಿ ಕಾಯ್ದೆ ಬರುತ್ತದೆ. ಅಲ್ಲಿ ಬರೀ 21 ದಿನ. ದರ ಕಡಿಮೆ ಅನ್ನಿಸಿದರೆ ಕೋರ್ಟಿಗಲ್ಲ, ಮೊದಲು ಮಧ್ಯಸ್ಥಗಾರರ ಹತ್ತಿರ ಹೋಗಬೇಕು. ನಮ್ಮ ಕೇಸಲ್ಲಿ ಆ ಜಾಗದಲ್ಲಿ ಕೂತಿದ್ದವರು ಜಿಲ್ಲಾಧಿಕಾರಿ. ಹಳೆಯ ಎನ್‌ಎಚ್ 4, ಈಗಿನ 48, ಅದರ ಪಕ್ಕದ ಊರಿನವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಒಳ್ಳೆಯದಾಗಿದ್ದು ಅಂದರೆ, 2015ರಿಂದ ಹೆದ್ದಾರಿ ಜಮೀನಿಗೂ 2013ರ ಕಾಯ್ದೆಯ ಲೆಕ್ಕದಲ್ಲೇ ಪರಿಹಾರ. ಅದಕ್ಕಿಂತ ಹಿಂದೆ ಜಮೀನು ಕಳೆದುಕೊಂಡವರಿಗೂ ಸೊಲೇಷಿಯಂ (ಬಲವಂತವಾಗಿ ಜಮೀನು ಹೋದದ್ದಕ್ಕೆ ಬೆಲೆಯ ಮೇಲೆ ಕೊಡೋ ಹೆಚ್ಚುವರಿ ಮೊತ್ತ), ಬಡ್ಡಿ ಕೊಡಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಭರಮಸಾಗರ ಅಜ್ಜ
ನಾನು ಎಲ್ಲರಿಗಿಂತ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ 71 ವರ್ಷ. ನನ್ನ 2 ಎಕರೆ ಹೋದಾಗ ನಾನೂ ಒಪ್ಪಲಿಲ್ಲ. ಕೋರ್ಟಿಗೆ ಹೋದೆ. 11 ವರ್ಷ ನಡೆಯಿತು. ದರ ಜಾಸ್ತಿ ಆಯಿತು, ಬಡ್ಡಿನೂ ಬಂತು. ಆದರೆ ಆ 11 ವರ್ಷದಲ್ಲಿ ಮಗಳ ಮದುವೆಗೆ ಸಾಲ ಮಾಡಿದೆ, ಹೆಂಡತಿ ಹೋದಳು. ದುಡ್ಡು ಬಂದ ದಿನ ಬ್ಯಾಂಕಿನಿಂದ ಮನೆಗೆ ಬಂದೆ, ಪಾಸ್‌ಬುಕ್ ತೋರಿಸೋಕೆ ಮನೇಲಿ ಯಾರೂ ಇರಲಿಲ್ಲ. ಪಕ್ಕದ ಹೊಲದವ ಮೊದಲೇ ಒಪ್ಪಿ, ಬಂದ ದುಡ್ಡಲ್ಲಿ ಸಿರಿಗೆರೆ ಕಡೆ 3 ಎಕರೆ ತೆಗೆದುಕೊಂಡ. ಈಗ ಅಲ್ಲಿ ಅವನಿಗೆ ಫಲ ಬರುತ್ತಿದೆ.

ಒಳ್ಳೆ ದರ ಬರೆದು ಕೊಟ್ಟರೆ ಒಪ್ಪಿಗೆಯೂ ಕೆಟ್ಟದ್ದಲ್ಲ. ಖಾಲಿ ಪತ್ರ ಮಾತ್ರ ಬೇಡ.

ಕಪ್ಪುಕೋಟು ದಾವಣಗೆರೆ
ಅಜ್ಜ ಹೇಳಿದ್ದು ಅನುಭವದ ಮಾತು, ತಳ್ಳಿಹಾಕೋ ಹಾಗಿಲ್ಲ. ಆದರೆ ಒಂದು ವಿಷಯ ಬಿಡಿಸಿ ಹೇಳಬೇಕು. ಒಪ್ಪಿಗೆ ಐತೀರ್ಪು ಬೇರೆ, ಸಾಮಾನ್ಯ ಐತೀರ್ಪು ಬೇರೆ. ಒಪ್ಪಿಗೆಗೆ ಸಹಿ ಹಾಕಿದರೆ ಆಮೇಲೆ "ದರ ಸಾಲದು" ಅಂತ ಹೋಗೋ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೆ. ಸಾಮಾನ್ಯ ಐತೀರ್ಪಿನಲ್ಲಿ ದುಡ್ಡು ತೆಗೆದುಕೊಳ್ಳುವಾಗಲೇ "ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ" ಅಂತ ಬರೆದು ಸಹಿ ಮಾಡಿದರೆ ದುಡ್ಡೂ ಕೈಗೆ ಬರುತ್ತದೆ, ಹೆಚ್ಚಿನ ಪರಿಹಾರ ಕೇಳೋ ಹಕ್ಕೂ ಉಳಿಯುತ್ತದೆ. ಆ ಒಂದು ಸಾಲು ಬರೆಯದೆ ಹಕ್ಕು ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ. ಐತೀರ್ಪು ಹೇಳುವಾಗ ನೀವು ಹಾಜರಿದ್ದರೆ 6 ವಾರದೊಳಗೆ ಸೆಕ್ಷನ್ 64ರಲ್ಲಿ ಅರ್ಜಿ ಹಾಕಬೇಕು. ಇದನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಇನ್ನು ದರದ ಲೆಕ್ಕ. ಮೂರು ಬೆಲೆ ನೋಡುತ್ತಾರೆ: ನೋಂದಣಿಯ ಮಾರ್ಗಸೂಚಿ ಬೆಲೆ, ಅಕ್ಕಪಕ್ಕದಲ್ಲಿ ಹಿಂದಿನ 3 ವರ್ಷದ ಕ್ರಯಪತ್ರಗಳ ಸರಾಸರಿ, ಖಾಸಗಿ ಕಂಪನಿ ಇಲ್ಲವೇ ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆಯಾದರೆ ಒಪ್ಪಿಗೆಯ ಮೊತ್ತ. ಯಾವುದು ಜಾಸ್ತಿಯೋ ಅದು. ಸರಾಸರಿ ತೆಗೆಯುವಾಗ ಎಲ್ಲಾ ಪತ್ರ ಸೇರಿಸಲ್ಲ, ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಆ ಬೆಲೆಯನ್ನು ಹಳ್ಳಿ ಜಮೀನಾದರೆ 1ರಿಂದ 2ರವರೆಗಿನ ಒಂದು ಅಂಕಿಯಿಂದ ಗುಣಿಸುತ್ತಾರೆ. ಪಟ್ಟಣದಿಂದ ದೂರ ಹೋದಷ್ಟೂ ಅಂಕಿ ಜಾಸ್ತಿ. ಅದಕ್ಕೆ ಗಿಡ, ಬೋರ್‌ವೆಲ್, ಪಂಪ್‌ಹೌಸ್ ಬೆಲೆ ಕೂಡಿಸಿ, ಬಂದಷ್ಟೇ ಮೊತ್ತ ಸೊಲೇಷಿಯಂ.

ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. ಎಕರೆಗೆ 8 ಲಕ್ಷ ಬೆಲೆ ನಿಂತಿತು, ಗುಣಕ 2 ಅಂತ ಇಟ್ಟುಕೊಳ್ಳಿ. 16 ಲಕ್ಷ. ಗಿಡ ಮತ್ತಿತರದ್ದು 5 ಲಕ್ಷ, ಒಟ್ಟು 21. ಸೊಲೇಷಿಯಂ ಇನ್ನೊಂದು 21. 42 ಲಕ್ಷ ಆಯಿತು. ಇದರ ಮೇಲೆ ಜಮೀನಿನ ಬೆಲೆಗೆ ವರ್ಷಕ್ಕೆ ಶೇ. 12ರಂತೆ, ಅಧಿಸೂಚನೆಯಿಂದ ಐತೀರ್ಪು ಇಲ್ಲವೇ ಸ್ವಾಧೀನ, ಯಾವುದು ಮೊದಲೋ ಅಲ್ಲಿಯವರೆಗೆ. ಈಗ ಹೇಳಿ, "ಎಕರೆಗೆ 20 ಲಕ್ಷ, ಒಳ್ಳೆ ದರ" ಅಂತ ಯಾರಾದರೂ ಬಾಯಲ್ಲಿ ಅಂದರೆ ಅದರಲ್ಲಿ ಏನೇನು ಸೇರಿದೆ ಅಂತ ಕೇಳಬೇಕಲ್ವಾ?

ಚನ್ನಗಿರಿ ಅಡಿಕೆ
ಗಿಡದ ಲೆಕ್ಕವೇ ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡದು. ಜಮೀನಿನ ಬೆಲೆಗಿಂತ ಗಿಡದ ಬೆಲೆ ಜಾಸ್ತಿ ಆಗೋದೂ ಉಂಟು. ಅಡಿಕೆಗೆ ತೋಟಗಾರಿಕೆ ಇಲಾಖೆ ಬೆಲೆ ಕಟ್ಟುತ್ತದೆ, ತೇಗ, ಸಿಲ್ವರ್‌ಗೆ ಅರಣ್ಯ ಇಲಾಖೆ, ಮನೆ, ಶೆಡ್ಡಿಗೆ ಲೋಕೋಪಯೋಗಿ. ಜಂಟಿ ಅಳತೆಗೆ ಬಂದ ದಿನ ಮನೆಯವರು ಯಾರಾದರೂ ಹಿಂದೆಯೇ ನಡೆಯಬೇಕು. ನಮ್ಮಲ್ಲಿ ಒಂದು ಕಡೆ ನಿಂತು ಸಾಲು ಎಣಿಸಿ, ಸಾಲಿಗೆ ಇಷ್ಟು ಅಂತ ಗುಣಿಸಿಬಿಟ್ಟರು. ಕೊನೆಯ ಸಾಲುಗಳು ಹಳ್ಳದ ಕಡೆ ಬಾಗಿವೆ, ಅವು ಲೆಕ್ಕಕ್ಕೇ ಬರಲಿಲ್ಲ. ಗಿಡದ ವಯಸ್ಸೂ ಬರೆಸಿ. 4 ವರ್ಷದ ಸಸಿಗೂ 20 ವರ್ಷದ ಫಲದ ಗಿಡಕ್ಕೂ ಅಜಗಜಾಂತರ. ನಡುವೆ ಕಾಳುಮೆಣಸು, ಬಾಳೆ ಇದ್ದರೆ ಬೇರೆಯಾಗಿ ಬರೆಸಬೇಕು.

ನಾವು ಸುಣ್ಣ ಹಚ್ಚಿ ನಂಬರ್ ಬರೆದಿದ್ದೆವು. ಎರಡನೇ ಸಲ ಎಣಿಸಲು ಬಂದವರೇ "ಹೀಗಿದ್ದರೆ ನಮಗೂ ಸುಲಭ" ಅಂದರು.

ಕೋಟೆ ಕಾವಲು
ಪಹಣಿಯಲ್ಲಿ ಬೆಳೆ ಕಾಲಂ ಕೂಡ ನೋಡಿ. ತೋಟ ಇದ್ದರೂ ಅಲ್ಲಿ ಇನ್ನೂ ರಾಗಿ, ಮೆಕ್ಕೆಜೋಳ ಅಂತ ಇರುತ್ತದೆ. ಖುಷ್ಕಿ (ಮಳೆ ನಂಬಿದ ಒಣ ಜಮೀನು) ಅಂತ ಇದ್ದರೆ ಖುಷ್ಕಿ ದರವನ್ನೇ ಹಾಕುತ್ತಾರೆ.

ಜಗಳೂರು ಬಿಸಿಲು
ನನ್ನ ಮಾತು ಕೆಲವರಿಗೆ ಕಹಿ ಆಗಬಹುದು. ನಾವು ಜಗಳೂರಿನವರು ನೀರಿಗಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದೇವೆ ಗೊತ್ತಾ? ಭದ್ರಾ ಮೇಲ್ದಂಡೆಯಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಸೇರಿ 2,25,515 ಹೆಕ್ಟೇರಿಗೆ ನೀರು ಅಂತ ಯೋಜನೆ. ಅಬ್ಬಿನಹೊಳಲು ಹತ್ತಿರ ಜಮೀನಿನ ತಕರಾರಿಂದ ಕಾಲುವೆ ಕೆಲಸ ನಿಂತಾಗ ಇಲ್ಲಿ ನಮ್ಮ ಬೋರ್‌ಗಳು ಒಂದೊಂದಾಗಿ ಒಣಗಿದವು. ನಮ್ಮ ಮನೆಯದ್ದೇ 3 ಬೋರ್ ಹೋಗಿವೆ. ಎಲ್ಲರೂ ಸಹಿ ಹಾಕಬೇಡಿ ಅಂತ ಹೇಳಿಕೊಟ್ಟರೆ ನೀರು ಯಾವಾಗ ಬರೋದು?

ಚನ್ನಗಿರಿ ಅಡಿಕೆ
ಯಾರೂ ಕಾಲುವೆ ಬೇಡ ಅಂದಿಲ್ಲ. ದರ ಬರೆದು ಕೊಡಿ ಅಂತಿದ್ದೇವೆ, ಅಷ್ಟೇ.

ಜಗಳೂರು ಬಿಸಿಲು
ದರ ಬರೆಯಬೇಕು, ಒಪ್ಪುತ್ತೇನೆ. ಆದರೆ ಸುಮ್ನೆ ಎಳೆದಾಡಿ ತಡ ಮಾಡೋದು ಬೇಡ. ನಿಮ್ಮ ತೋಟ ನಡುವೆ ಸೀಳಿದರೆ ನಿಮಗೆ ನೋವಾಗುತ್ತದೆ. ನಮ್ಮ ಕಡೆ ಗಿಡವೇ ಇಲ್ಲ ಸೀಳೋಕೆ.

ಕಪ್ಪುಕೋಟು ದಾವಣಗೆರೆ
ಜಗಳೂರಿನವರೇ, ತಡ ಆಗೋದು ರೈತ ಪ್ರಶ್ನೆ ಕೇಳಿದ್ದಕ್ಕಲ್ಲ. ಘೋಷಣೆ ಆದ 12 ತಿಂಗಳಲ್ಲಿ ಐತೀರ್ಪು ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಪೂರ್ತಿ ಪರಿಹಾರ ಕೊಟ್ಟ ಮೇಲೇ ಸ್ವಾಧೀನ ಅಂತಲೂ ಇದೆ. ಲೆಕ್ಕ ಮೊದಲೇ ಸರಿಯಾಗಿ ಹಾಕಿ ದುಡ್ಡು ಕೊಟ್ಟರೆ ಮುಕ್ಕಾಲು ಪಾಲು ಜನ ಅವತ್ತೇ ಜಮೀನು ಬಿಡುತ್ತಾರೆ. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಆದ ಮೇಲೆ ಆಸ್ತಿ ಮೂಲಭೂತ ಹಕ್ಕಾಗಿ ಉಳಿದಿಲ್ಲ, ನಿಜ. ಆದರೆ 300ಎ ವಿಧಿ ಇದೆ, ಕಾನೂನಿನ ದಾರಿ ಬಿಟ್ಟು ಯಾರ ಆಸ್ತಿಯನ್ನೂ ಕಿತ್ತುಕೊಳ್ಳೋ ಹಾಗಿಲ್ಲ. 2024ರ ಮೇನಲ್ಲಿ ಕೋಲ್ಕತ್ತಾ ನಗರಪಾಲಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಏಳು ಹಕ್ಕುಗಳಾಗಿ ಬಿಡಿಸಿತು. ನೋಟಿಸ್ ಕೊಡಬೇಕು, ನಮ್ಮ ಮಾತು ಕೇಳಬೇಕು, ಕಾರಣ ಬರೆದು ತೀರ್ಮಾನ ಹೇಳಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಎಳೆಯದೆ ನಡೆಸಬೇಕು, ಕೊನೆ ಮುಟ್ಟಿಸಬೇಕು. ಕೊನೆಯ ಎರಡು ನೋಡಿ, ಅವು ನಿಮ್ಮ ಜಗಳೂರಿಗೂ ಬೇಕಾದವೇ.

ಹಳೇ ಸರ್ವೆ ಕಲ್ಲು
ಎಳೆಯೋದು ಅಂದರೆ ಹೀಗೆ: ತುಮಕೂರು, ಚಿತ್ರದುರ್ಗ, ದಾವಣಗೆರೆ ರೈಲು ಮಾರ್ಗ 2011-12ರ ಬಜೆಟ್‌ನಲ್ಲಿ ಬಂದದ್ದು. ಆಗ ಹುಟ್ಟಿದ ನನ್ನ ಅಣ್ಣನ ಮಗ ಈಗ ಹೈಸ್ಕೂಲು.

ಟವರ್ ಕೆಳಗೆ
ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ನಮ್ಮ ಹೊಲದಲ್ಲಿ ವಿದ್ಯುತ್ ಟವರ್ ಹಾಕುತ್ತಿದ್ದಾರೆ, ಹಿರಿಯೂರು ಕಡೆ. ಗಾಳಿಯಂತ್ರ, ಸೋಲಾರ್ ಎಲ್ಲಾ ಬಂದ ಮೇಲೆ ಲೈನುಗಳೂ ಜಾಸ್ತಿ ಆಗಿವೆ. ಇದಕ್ಕೂ ಇದೇ ಪರಿಹಾರ ಸಿಗುತ್ತಾ?

ಕಪ್ಪುಕೋಟು ದಾವಣಗೆರೆ
ಇಲ್ಲ. ಟವರ್‌ಗೆ ಭೂಸ್ವಾಧೀನವೇ ಆಗಲ್ಲ, ಜಮೀನು ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಅದು ಟೆಲಿಗ್ರಾಫ್ ಕಾಯ್ದೆಯ ಕಾಲದ ದಾರಿ. 2024ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಟವರ್ ಬುಡಕ್ಕೆ ಜಮೀನಿನ ಬೆಲೆಯ ಶೇ. 200, ಹಳ್ಳಿಯಲ್ಲಿ ತಂತಿ ಹಾಯುವ ಪಟ್ಟಿಗೆ ಶೇ. 30 ಅಂತ ಇದೆ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ವಿವರವಾಗಿ ಮಾತಾಡೋಣ.

ಚಳ್ಳಕೆರೆ ಕುರಿಹಿಂಡು
ನಿಮಗೆಲ್ಲ ಪಹಣಿ ಇದೆ, ಸೆಕ್ಷನ್ ಇದೆ. ಪಹಣಿಯೇ ಇಲ್ಲದವರ ಕಥೆ ಯಾರು ಕೇಳುತ್ತಾರೆ? ನಮ್ಮ ಕಡೆ ಅಮೃತಮಹಲ್ ಕಾವಲು (ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು) ಸುಮಾರು ಹತ್ತು ಸಾವಿರ ಎಕರೆ ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋ, ಬಾರ್ಕ್ ಸಂಸ್ಥೆಗಳಿಗೆ ಹೋಯಿತು. ದಾಖಲೆಯಲ್ಲಿ ಸರ್ಕಾರದ ಜಮೀನು. ಆದರೆ ನಮ್ಮ ಅಪ್ಪ, ಅಜ್ಜ ಎಲ್ಲ ಅಲ್ಲೇ ಕುರಿ ಮೇಯಿಸಿದ್ದು. ಒಂದು ದಿನ ಹಿಂಡು ಹೊಡೆದುಕೊಂಡು ಹೋದರೆ ಎದುರಿಗೆ ಗೋಡೆ. ಕುರಿಗಳು ಗೋಡೆ ಪಕ್ಕದಲ್ಲೇ ಸಾಲಾಗಿ ನಿಂತುಬಿಟ್ಟವು, ದಿನವೂ ಹೋಗುತ್ತಿದ್ದ ದಾರಿ ಅಲ್ಲವೇ ಅದು. ಅಪ್ಪ ಎಷ್ಟೋ ಹೊತ್ತು ಅವನ್ನು ತಿರುಗಿಸದೆ ನಿಂತಿದ್ದರು. ನಮಗೆ ನೋಟಿಸ್ಸೂ ಇಲ್ಲ, ಆಕ್ಷೇಪಣೆಯೂ ಇಲ್ಲ.

ಕಚೇರಿ ಅಲೆದವನು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ. 2013ರ ಕಾಯ್ದೆಯಲ್ಲಿ ಜಮೀನಿನ ಒಡೆಯರಲ್ಲದೆ ಆ ಜಮೀನನ್ನೇ ನಂಬಿ ಬದುಕೋ ಕೂಲಿಯವರು, ಗೇಣಿದಾರರನ್ನೂ ಬಾಧಿತ ಕುಟುಂಬ ಅಂತ ಸೇರಿಸಿದ್ದಾರೆ, ಅದು ಒಳ್ಳೆಯದೇ. ಆದರೆ ಸರ್ಕಾರಿ ಕಾವಲನ್ನು ಸರ್ಕಾರವೇ ಇನ್ನೊಬ್ಬರಿಗೆ ಕೊಟ್ಟರೆ ಸ್ವಾಧೀನವೇ ನಡೆದ ಹಾಗಾಗಲ್ಲ.

ತವರಿನ ಪಾಲು
ಮೂಲ ಪ್ರಶ್ನೆಗೆ ಬರುತ್ತೇನೆ. ಇಬ್ಬರು ಅತ್ತೆಯರು ಇದ್ದಾರೆ ಅಂತ ಬರೆದಿದ್ದೀರಲ್ಲ ತಮ್ಮಾ, ಅಲ್ಲಿ ನಾನು ನಿಂತೆ. ನಾನೂ ಅಂಥ ಒಬ್ಬ ಅತ್ತೆಯೇ. ನಮ್ಮ ತವರಿನ ಜಮೀನು ರಸ್ತೆಗೆ ಹೋದಾಗ ಅಣ್ಣಂದಿರು ವಂಶವೃಕ್ಷದಲ್ಲಿ ನನ್ನ ಹೆಸರೇ ಬಿಟ್ಟಿದ್ದರು. ನನಗೆ ಗೊತ್ತಾಗಿದ್ದು ಪೇಪರಲ್ಲಿ ಬಂದ ಪಟ್ಟಿ ನೋಡಿ. ದುಡ್ಡಿನ ಆಸೆಗೆ ತಕರಾರು ಹಾಕಿದಳು ಅಂತ ಊರೆಲ್ಲ ಅಂದರು. ಅಣ್ಣ ಒಂದು ಫೋನ್ ಮಾಡಿ "ಹೀಗಿದೆ ಕಣಮ್ಮ, ಬಾ" ಅಂದಿದ್ದರೆ ನಾನು ಹಕ್ಕು ಬಿಟ್ಟೇ ಕೊಡುತ್ತಿದ್ದೆನೋ ಏನೋ. ತಕರಾರು ಬಿದ್ದ ಮೇಲೆ ದುಡ್ಡು ಯಾರ ಕೈಗೂ ಬರಲಿಲ್ಲ, ಠೇವಣಿ ಇಟ್ಟುಬಿಟ್ಟರು. ನಾಲ್ಕು ವರ್ಷ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ದಿನ ಅಪ್ಪ ಬದುಕಿರಲೇಬೇಕು ಅಂತ ಇಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅತ್ತೆಯರನ್ನು ಈಗಲೇ ಮನೆಗೆ ಕರೆಯಿರಿ. ಊಟಕ್ಕೆ ಕರೆಯಿರಿ, ಸಹಿಗೆ ಅಂತ ಕರೆಯಬೇಡಿ.

ಹೊಳಲ್ಕೆರೆ ಹುಡುಗ
ಅಕ್ಕಾ, ನಿಮ್ಮ ಮಾತು ಓದಿ ಅಪ್ಪನಿಗೂ ಓದಿ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ದೊಡ್ಡತ್ತೆಗೆ ಫೋನ್ ಮಾಡಿದರು.

ಹಳೇ ಸರ್ವೆ ಕಲ್ಲು
ಪೌತಿ ಖಾತೆಗೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡೋದು) ಇವತ್ತೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಅಧಿಸೂಚನೆ ಆದ ಮೇಲೆ ಮಾರೋದು, ಅಡವಿಡೋದು ಮಾಡಬಾರದು. ಆದರೆ ವಾರಸುದಾರರ ಹೆಸರಿಗೆ ಖಾತೆ ಆಗೋದು ಮಾರಾಟ ಅಲ್ಲ. ಅಧಿಸೂಚನೆ ಆದ 2 ತಿಂಗಳಲ್ಲಿ ಭೂದಾಖಲೆ ಸರಿಮಾಡಿಕೊಳ್ಳೋ ಜವಾಬ್ದಾರಿ ಕಾಯ್ದೆಯೇ ಜಿಲ್ಲಾಧಿಕಾರಿಗೆ ಕೊಟ್ಟಿದೆ. ಅರ್ಜಿಯಲ್ಲಿ ಸೆಕ್ಷನ್ 11(5) ಅಂತ ಬರೆಯಿರಿ.

ಬೈಪಾಸ್ ಪಕ್ಕದವ
ಆ 14 ಗುಂಟೆ ಚೂರು ಇಟ್ಟುಕೊಂಡು ಏನು ಮಾಡುತ್ತೀರಿ? ಪೂರ್ತಿ ತೆಗೆದುಕೊಳ್ಳಿ ಅಂತ ಹಕ್ಕಿನಿಂದ ಕೇಳಬಹುದು. ಸೆಕ್ಷನ್ 94.

ಕಪ್ಪುಕೋಟು ದಾವಣಗೆರೆ
ಅದು ಮನೆ, ಕಟ್ಟಡಕ್ಕೆ. ಮನೆಯ ಅರ್ಧ ಮಾತ್ರ ಬೇಕು ಅಂದರೆ ಪೂರ್ತಿ ತೆಗೆದುಕೊಳ್ಳಿ ಅನ್ನೋ ಹಕ್ಕು ಒಡೆಯನಿಗಿದೆ. ಬರೀ ಜಮೀನಿಗೆ ಆ ಹಕ್ಕು ಇಲ್ಲ. ಕೋರಿಕೆಯಾಗಿ ಇಡಬಹುದು. ಅದಕ್ಕಿಂತ ಗಟ್ಟಿಯಾದದ್ದು ಸೆಕ್ಷನ್ 28. ಜಮೀನು ತುಂಡಾಗಿ ಉಳಿದ ಭಾಗಕ್ಕೆ ಆಗೋ ನಷ್ಟವನ್ನೂ ಪರಿಹಾರದಲ್ಲಿ ಸೇರಿಸಬೇಕು. ಬೋರ್‌ವೆಲ್ ಆಚೆ, ತೋಟ ಈಚೆ ಅನ್ನೋದು ಅದಕ್ಕೆ ಸರಿಯಾದ ಉದಾಹರಣೆ. ನಕ್ಷೆ ಬರೆದು, ಫೋಟೋ ಹಾಕಿ ಕೇಳಿ. ಜೊತೆಗೆ ಕಾಲುವೆ ಕಟ್ಟೋ ಮೊದಲೇ ಅಡಿಯಲ್ಲಿ ಪೈಪ್ ದಾಟಿಸಲು ಕೊಳವೆ, ಓಡಾಡಲು ಕಿರುಸೇತುವೆ ಬೇಕು ಅಂತ ಆಕ್ಷೇಪಣೆಯಲ್ಲೇ ಬರೆಯಿರಿ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಒಡೆಯಲ್ಲ.

ಭರಮಸಾಗರ ಅಜ್ಜ
ಕೊಳವೆ ಮಾತು ಬಹಳ ಒಳ್ಳೆಯದು. ನನಗೆ ಅವತ್ತು ಯಾರೂ ಹೇಳಲಿಲ್ಲ.

ಚನ್ನಗಿರಿ ಅಡಿಕೆ
ತೆರಿಗೆ ಬಗ್ಗೆ ಯಾರೂ ಬರೆದಿಲ್ಲ. 2013ರ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ, ಸೆಕ್ಷನ್ 96. ನಮ್ಮ ಊರಿನ ಒಬ್ಬರಿಗೆ ಮುರಿದುಕೊಂಡೇ ಕೊಟ್ಟಿದ್ದರು, ಆಮೇಲೆ ರಿಟರ್ನ್ ಹಾಕಿ ವಾಪಸ್ ಪಡೆಯಬೇಕಾಯಿತು.

ಹೊಳಲ್ಕೆರೆ ಹುಡುಗ
ಎಲ್ಲರಿಗೂ ಏನಾಯಿತು ಅಂತ ತಿಳಿಸಲು ಬಂದೆ. ಮೂರು ವಾರ ಆಯಿತು. ಆಕ್ಷೇಪಣೆ ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದೇವೆ. ಕಾಲುವೆ ಬೇಡ ಅಂತ ಬರೆದಿಲ್ಲ. ಜಗಳೂರಿನವರ ಮಾತು ಮನಸ್ಸಲ್ಲಿ ಉಳಿದಿತ್ತು. ದಾರಿ 40 ಅಡಿ ಪಶ್ಚಿಮಕ್ಕೆ ಸರಿದರೆ ಬೋರ್ ನಮ್ಮ ಕಡೆಗೇ ಉಳಿಯುತ್ತದಾ ನೋಡಿ, ಆಗದಿದ್ದರೆ ಕೊಳವೆ ಮತ್ತು ಕಿರುಸೇತುವೆ ಕೊಡಿ, ತುಂಡಾದ ನಷ್ಟ ಕಟ್ಟಿ ಅಂತ ಕೇಳಿದ್ದೇವೆ. ವಿಚಾರಣೆಗೆ ದಿನ ಕೊಟ್ಟಿದ್ದಾರೆ.

ಖಾಲಿ ಪತ್ರ ಹಾಗೇ ವಾಪಸ್ ಕೊಟ್ಟೆವು. ದರ ಬರೆದು, ಏನೇನು ಸೇರಿದೆ ಅಂತ ಬಿಡಿಸಿ ತಂದರೆ ನೋಡುತ್ತೇವೆ ಅಂದೆವು. ಬಂದವರು ಜಗಳ ಮಾಡಲಿಲ್ಲ. ಊರಲ್ಲಿ "ಎಲ್ಲರೂ ಹಾಕಿದ್ದಾರೆ" ಅನ್ನೋದೂ ನಿಜ ಆಗಿರಲಿಲ್ಲ, 19 ಮನೆಯಲ್ಲಿ 6 ಮನೆಯವರು ಹಾಕಿದ್ದರು.

ಮೊನ್ನೆ ಗಿಡ ಎಣಿಸಲು ಬಂದಿದ್ದರು. ನಾವು ಹಿಂದಿನ ದಿನವೇ ಸುಣ್ಣದಲ್ಲಿ ನಂಬರ್ ಬರೆದಿದ್ದೆವು. ದೊಡ್ಡತ್ತೆ, ಚಿಕ್ಕತ್ತೆ ಇಬ್ಬರೂ ಬಂದಿದ್ದರು. ಬೇಲಿ ಕಡೆಯ ಮೊದಲ ಸಾಲು ಅಜ್ಜ ನೆಟ್ಟದ್ದು, ಆಗ ದೊಡ್ಡತ್ತೆ ಕೊಡದಲ್ಲಿ ನೀರು ಹೊತ್ತಿದ್ದಳಂತೆ. ಆ ಸಾಲಿಗೆ ಬ್ರಷ್ ನಾನು ಹಿಡಿಯುತ್ತೇನೆ ಅಂತ ಇಸಿದುಕೊಂಡಳು. ಅವರ ಮೊದಲ ಪಟ್ಟಿಯಲ್ಲಿ 548 ಗಿಡ ಇತ್ತು. ಜೊತೆಗೇ ನಡೆದು ಎಣಿಸಿದ ಮೇಲೆ 611. ತೋಟಗಾರಿಕೆಯವರು 611 ಅಂತಲೇ ಬರೆದು ಅಪ್ಪನ ಸಹಿ ತೆಗೆದುಕೊಂಡರು. ಪಟ್ಟಿಯ ಫೋಟೋ ನನ್ನ ಹತ್ತಿರ ಇದೆ.

ಒಂದು ಪ್ರಶ್ನೆ ಉಳಿದಿದೆ. ವಿಚಾರಣೆಗೆ ಅಪ್ಪನ ಜೊತೆ ನಾನು ಒಳಗೆ ಹೋಗಬಹುದಾ, ಇಲ್ಲ ವಕಾಲತ್ತು ಬೇಕಾ?

ಕಪ್ಪುಕೋಟು ದಾವಣಗೆರೆ
ಅಪ್ಪನೇ ಮಾತಾಡಬಹುದು, ಇಲ್ಲ ಅವರು ಅಧಿಕಾರ ಪತ್ರ ಬರೆದುಕೊಟ್ಟ ಯಾರಾದರೂ. ಪತ್ರ ಇಟ್ಟುಕೊಂಡು ಹೋಗಿ. 611ರ ಪಟ್ಟಿಯ ಫೋಟೋ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋಗಿ, ಮೊಬೈಲ್ ಒಳಗೆ ಬಿಡದೆ ಇರಬಹುದು.